ಡೊಂಬಿವಲಿಯ ಡಯಾಲಿಸಿಸ್ ಘಟಕ: ಮಾತ್ರೆಯ ಪಟ್ಟಿಯನ್ನೂ ಓದುವವರು

ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಈ ಘಟಕಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಡಯಾಲಿಸಿಸ್ ಯಂತ್ರ ಬೇರೆ ಕಡೆಯೂ ಇದೆ; ರೋಗಿ ನುಂಗಿದ್ದೇನೆಂದು ವಿಚಾರಿಸುವ ವ್ಯವಧಾನ ಎಲ್ಲೆಡೆ ಇಲ್ಲ.

ನಮ್ಮ ಅತ್ತೆಯವರಿಗೆ ಮಂಡಿನೋವು. ಮೂಳೆ ವೈದ್ಯರು ಬರೆದ ಮಾತ್ರೆ ಸಾಲದೆಂದು ಔಷಧಿ ಅಂಗಡಿಯಲ್ಲಿ ಇನ್ನೊಂದು ಕೇಳಿದರು; ಚೀಟಿ ನೋಡದೆ ಕೊಟ್ಟರು. ಆಮೇಲೆ ವಾಂತಿ, ಪಾದಗಳಲ್ಲಿ ಬಾವು, ಮೂತ್ರ ಹನಿಹನಿ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ ಕ್ರಿಯೇಟಿನಿನ್; ರಕ್ತದಲ್ಲಿ 1ರ ಆಸುಪಾಸಿನಲ್ಲಿರಬೇಕಾದ ಅದು 7.8ಕ್ಕೆ ಏರಿತ್ತು.

ಇಲ್ಲಿನ ಮೂತ್ರಪಿಂಡ ತಜ್ಞೆ ಮನೆಯ ಔಷಧಿಯನ್ನೆಲ್ಲ ತರಿಸಿದರು. ನನ್ನ ಯಜಮಾನರು ಬಿಸ್ಕತ್ತಿನ ಡಬ್ಬಿಯನ್ನೇ ಎತ್ತಿಕೊಂಡು ಬಂದರು. ತಜ್ಞೆ ಅದನ್ನು ಮೇಜಿನ ಮೇಲೆ ಸುರಿದು, ದಪ್ಪ ಅಕ್ಷರದ ಹೆಸರು ಬಿಟ್ಟು, ಅದರಡಿಯ ಸಣ್ಣ ಅಕ್ಷರಗಳ ಮೇಲೆ ಪೆನ್ನಿನ ತುದಿಯಿಟ್ಟು ತೋರಿಸಿದರು. ಎರಡು ಕಂಪನಿ, ಎರಡು ಬಣ್ಣ, ಔಷಧಿ ಒಂದೇ: ಡೈಕ್ಲೋಫೆನಾಕ್. ಒಂದು 50 ಮಿಲಿಗ್ರಾಂ, ಮೂರು ಹೊತ್ತು. ಇನ್ನೊಂದು 100, ಎರಡು ಹೊತ್ತು. ದಿನದ ಮಿತಿ 150. ಅತ್ತೆಯವರ ಹೊಟ್ಟೆಗೆ ಹೋಗುತ್ತಿದ್ದುದು 350. ಜೊತೆಗೆ ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆ. ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಬರುವ ರಕ್ತವನ್ನು ಕುಗ್ಗಿಸುತ್ತದೆ, ಟೆಲ್ಮಿಸಾರ್ಟನ್ ಮೂತ್ರಪಿಂಡದ ಒಳಗಿನ ಒತ್ತಡ ಇಳಿಸುತ್ತದೆ, ಮೂರನೆಯದು ಮೈಯ ನೀರು ಖಾಲಿ ಮಾಡುತ್ತದೆ. ಇದನ್ನು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು, ಅವಸರವಿಲ್ಲದೆ.

ಅಂಗಡಿಯವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ದನಗಳಿಗೆ ಕೊಟ್ಟ ಇದೇ ಔಷಧಿ ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತೆಂದು 2006ರಲ್ಲಿ ಪಶುಚಿಕಿತ್ಸೆಯಲ್ಲಿ ನಿಷೇಧಿಸಿದ ದೇಶ ನಮ್ಮದು. ಮನುಷ್ಯರಿಗೆ ಕೊಡುವಾಗ ಚೀಟಿಯನ್ನಾದರೂ ಕೇಳಬೇಡವೇ?

ಕತ್ತಿನ ರಕ್ತನಾಳಕ್ಕೆ ನಳಿಕೆ ಹಾಕಿ ಡಯಾಲಿಸಿಸ್ ಶುರು ಮಾಡಿದರು. ಪ್ರತಿ ಸಲ ಮೊದಲೂ ಆಮೇಲೂ ತೂಕ ನೋಡುತ್ತಾರೆ, ನಡುವೆ ರಕ್ತದೊತ್ತಡ. ಸೊಲ್ಲಾಪುರ ಕಡೆಯ ನರ್ಸ್ ಒಬ್ಬರು ಕನ್ನಡದಲ್ಲೇ ಮಾತನಾಡಿಸುತ್ತಿದ್ದರು: “ಅವ್ವಾ, ಕೈ ಮರಗಟ್ಟಿದರೆ ತಕ್ಷಣ ಹೇಳಿರಿ.” ಮರಾಠಿ ಬಾರದ ಅತ್ತೆಯವರಿಗೆ ಅದೇ ಧೈರ್ಯ. ನಿಧಾನಕ್ಕೆ ಮೂತ್ರ ಹೆಚ್ಚಿತು, ನಳಿಕೆ ತೆಗೆದರು. ಕ್ರಿಯೇಟಿನಿನ್ ಈಗ 1.3, ರಕ್ತಪರೀಕ್ಷೆ ಮುಂದುವರಿದಿದೆ. ಮಂಡಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ.

ಕೊರತೆ ಒಂದಿದೆ. ಒಂದು ಸರದಿಗೆ ನಾಲ್ಕು ತಾಸು ಹಿಡಿಯುತ್ತದೆ, ಮನೆಯವರು ಕೂರಲು ಕಾರಿಡಾರಿನಲ್ಲಿ ಒಂದೇ ಬೆಂಚು. ವಯಸ್ಸಾದವರೂ ಗೋಡೆಗೊರಗಿ ನಿಂತಿರುತ್ತಾರೆ. ದಯವಿಟ್ಟು ಇನ್ನಷ್ಟು ಕುರ್ಚಿ ಹಾಕಿಸಿ.