ಎಕ್ಸಾಸ್ಟ್ ಬೋಲ್ಟಿನ ಥ್ರೆಡ್ ಹೋದರೆ ಕೈ ಡ್ರಿಲ್ ಹಾಕಿಸಬೇಡಿ

ಕಲಬುರಗಿ, ಜೇವರ್ಗಿ, ಸೇಡಂ ಕಡೆ ಪಿಕಪ್ ಓಡಿಸೋರು ದಯವಿಟ್ಟು ಇದನ್ನು ಓದಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಇಂಜಿನ್ನಿನಿಂದ ಹೊಗೆ ಹೊರಗೆ ಒಯ್ಯೋ ಕೊಳವೆ) ಒಂದೇ ಒಂದು ಬೋಲ್ಟಿನ ಥ್ರೆಡ್ ಹೋಗಿದ್ದಕ್ಕೆ ನನ್ನ ಗಾಡಿಯ ಹೆಡ್ಡನ್ನೇ (ಇಂಜಿನ್ನಿನ ಮೇಲಿನ ಭಾಗ) ಇಳಿಸಬೇಕಾಯಿತು. ಅದೂ ತೊಗರಿ ಸೀಸನ್ನಿನಲ್ಲಿ, ಎಪಿಎಂಸಿ ಬಾಡಿಗೆ ಕೈತುಂಬಾ ಇರುವಾಗ.

ಮೊದಲು ಇದ್ದಿದ್ದು ಬರೀ ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅನ್ನುತ್ತಿತ್ತು, ಇಂಜಿನ್ ಕಾದ ಮೇಲೆ ನಿಲ್ಲುತ್ತಿತ್ತು. ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ಸೋರಿದರೆ ಹೀಗೇ. ಕಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ತುದಿಯ ಬೋಲ್ಟಿನ ಸುತ್ತ ಮಸಿ ಹಿಡಿದಿತ್ತು. ರಿಂಗ್ ರೋಡ್ ಕಡೆಯ ಒಂದು ಗ್ಯಾರೇಜಿಗೆ ಬಿಟ್ಟೆ.

ಹೊಸ ಪ್ಯಾಕಿಂಗ್ ಹಾಕಿ ಏರ್ ಗನ್ನಿನಲ್ಲಿ ಬಿಗಿದರು. ಅಲ್ಯೂಮಿನಿಯಂ ಹೆಡ್ಡು, 8 ಎಂಎಂ ಬೋಲ್ಟು. ಇಂಥದ್ದಕ್ಕೆ ಸಾಮಾನ್ಯವಾಗಿ 20–25 ನ್ಯೂಟನ್ ಮೀಟರ್ ಬಿಗಿತ ಸಾಕು, ಗನ್ನು ಅದರ ಎಷ್ಟೋ ಪಟ್ಟು ಕೊಡುತ್ತದೆ. ಬೋಲ್ಟು ಸುಮ್ನೆ ತಿರುಗತೊಡಗಿತು. ಹೊರಗೆ ತೆಗೆದರೆ ಅದರ ಥ್ರೆಡ್ಡಿಗೆ ಬೆಳ್ಳಗೆ ಹೊಳೆಯೋ ಅಲ್ಯೂಮಿನಿಯಂ ಎಳೆ ಸುತ್ತಿಕೊಂಡಿತ್ತು. ಹೆಡ್ಡಿನ ತೂತಿನ ಒಳಗಿನ ಥ್ರೆಡ್ ಪೂರ್ತಿ ಕಿತ್ತು ಬಂದಿತ್ತು.

ಆಮೇಲೆ ಮಾಡಿದ್ದು ನೋಡಿ. ತೂತಿಗೆ ಎಪಾಕ್ಸಿ ತುಂಬಿ ಬೋಲ್ಟ್ ಕೂರಿಸಿ, "ಕಲ್ಲಾಗುತ್ತದೆ, ಹೋಗಿ" ಅಂದರು. ಸಾಧಾರಣ ಎಪಾಕ್ಸಿ 150 ಡಿಗ್ರಿ ಹೊತ್ತಿಗೇ ಮೆತ್ತಗಾಗುತ್ತದೆ. ಲೋಡ್ ಹಾಕಿ ಓಡಿಸುವಾಗ ಡೀಸೆಲ್ ಹೊಗೆ 500 ಡಿಗ್ರಿ ದಾಟುತ್ತದೆ. ಎಲ್ಲಿ ನಿಲ್ಲಬೇಕು? ಶಹಾಬಾದ್ ಮುಟ್ಟುವಷ್ಟರಲ್ಲಿ ಸದ್ದು ವಾಪಸ್.

ಎರಡನೇ ಸಲ ಕೈ ಡ್ರಿಲ್ಲಿನಲ್ಲಿ ತೂತು ದೊಡ್ಡದು ಮಾಡಿ 10 ಎಂಎಂ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯೋ ಸಾಧನ) ಹೊಡೆದರು. ಗೈಡ್ ಇಲ್ಲ, ಆಳದ ಗುರುತಿಲ್ಲ. ಡ್ರಿಲ್ ಓರೆಯಾಗಿ ಇಳಿದು ತಳ ದಾಟಿ, ನೀರು ಓಡಾಡೋ ಜಾಕೆಟ್ಟಿಗೆ ತೂತು ಬಿತ್ತು. ಯಾರೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಬೋಲ್ಟಿನ ಬುಡದಿಂದ ಹಸಿರು ಕೂಲೆಂಟ್ ಸಣ್ಣಗೆ ಜಿನುಗಿ, ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಚುಂಯ್ ಅಂತ ಆವಿಯಾಗುತ್ತಿತ್ತು. ನೀರು ಕಮ್ಮಿಯಾಗಿದ್ದು ಗಮನಿಸದೆ ಓಡಿಸಿದ್ದರೆ ಇಂಜಿನ್ನೇ ಹೋಗುತ್ತಿತ್ತು.

ಕೊನೆಗೆ ಹೆಡ್ ಇಳಿಸಿ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಂಗಡಿಗೆ ಒಯ್ದೆ. ಟಿಗ್ ವೆಲ್ಡಿಂಗಿನಲ್ಲಿ ತೂತು ಮುಚ್ಚಿ, ಮುಖ ಮಟ್ಟ ಮಾಡಿ, ಮಷಿನ್ ಮೇಲೆ ನೆಟ್ಟಗೆ ತೂತು ಕೊರೆದು, ಒಳಗೆ ಥ್ರೆಡ್ ಇರೋ ಸ್ಟೀಲ್ ಬುಷ್ ಹಾಕಿಕೊಟ್ಟರು. ಈಗ ಸೋರುತ್ತಿಲ್ಲ. ಖರ್ಚು ಮಾತ್ರ ಆ ಮೊದಲ ಪ್ಯಾಕಿಂಗ್ ಕೆಲಸದ ಹತ್ತಾರು ಪಟ್ಟು. ನಿಂತ ಬಾಡಿಗೆ ಬೇರೆ.

ಸರಿಯಾದ ದಾರಿ ಕಷ್ಟದ್ದೇನಲ್ಲ. 8 ಎಂಎಂ ಥ್ರೆಡ್ ಹೋದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗೋ ತಂತಿ ಸುರುಳಿ) ಹಾಕಬಹುದು. 8.3 ಎಂಎಂ ಆಸುಪಾಸಿನ ಡ್ರಿಲ್, ಅದರದ್ದೇ ಟ್ಯಾಪ್, ಆಮೇಲೆ ಒಳಗೆ ಸ್ಟೇನ್‌ಲೆಸ್ ಸುರುಳಿ. ಬೋಲ್ಟಿನ ಸೈಜು ಮೊದಲಿನದ್ದೇ ಉಳಿಯುತ್ತದೆ. ಗೋಡೆ ದಪ್ಪ ಇದ್ದರೆ ಗಟ್ಟಿ ಸ್ಟೀಲ್ ಬುಷ್ ಇನ್ನೂ ಒಳ್ಳೆಯದು. ನಡುವೆ ಬೋಲ್ಟು ತುಂಡಾಗಿದ್ದರೆ ಮಾತ್ರ ಅವಸರ ಬೇಡವೇ ಬೇಡ, ಅದು ಬೇರೆಯದೇ ಕೆಲಸ.

ಗ್ಯಾರೇಜಿನಲ್ಲಿ ಎದುರು ನಿಂತು ನೋಡಿ. ತೂತಿನ ಆಳ ಅಳೆದು ಡ್ರಿಲ್ಲಿಗೆ ಟೇಪ್ ಸುತ್ತಿದ್ದಾರಾ? ನೆಟ್ಟಗೆ ಇಳಿಯಲು ಗೈಡ್ ಇಟ್ಟಿದ್ದಾರಾ? ಟ್ಯಾಪಿಗೆ ಗ್ರೀಸ್ ಹಚ್ಚಿದ್ದಾರಾ? ಗ್ರೀಸ್ ಇದ್ದರೆ ಲೋಹದ ಚೂರುಗಳು ಅಂಟಿಕೊಂಡು ಹೊರಗೆ ಬರುತ್ತವೆ. ಎಪಾಕ್ಸಿ ಟ್ಯೂಬ್ ಕೈಗೆ ತಗೊಂಡರೆ ಗಾಡಿ ಬೇರೆ ಕಡೆ ಒಯ್ಯಿರಿ. ಹಾಗಂತ ಸೋರಿಕೆ ಇಟ್ಟುಕೊಂಡೇ ಓಡಿಸಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಚಳಿಗೆ ಗಾಜು ಏರಿಸಿಕೊಂಡ ಕ್ಯಾಬಿನ್ನಿಗೆ ನುಗ್ಗಿದರೂ ಅದರ ವಾಸನೆ ಗೊತ್ತಾಗುವುದಿಲ್ಲ.