ರಾಂಚ್ ಗೈಡ್, ಪ್ರವೇಶ ಶುಲ್ಕ, ಡ್ರಾಪ್ ಕ್ಯಾಂಪ್: ಎಲ್ಕ್ ಬೇಟೆಗೆ ಯಾವುದು ಸರಿ?

ಅಮೆರಿಕದ ಕೊಲೊರಾಡೊ, ನ್ಯೂ ಮೆಕ್ಸಿಕೊ ಕಡೆ ಎಲ್ಕ್, ಅಂದರೆ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೊರಟವರಿಗೆ ಮೂರು ದಾರಿಗಳಿವೆ. ಖಾಸಗಿ ರಾಂಚ್‌ನಲ್ಲಿ (ದನ ಮೇಯಿಸುವ ದೊಡ್ಡ ಜಮೀನಿನಲ್ಲಿ) ಗೈಡ್ ಜೊತೆ ಹೋಗುವುದು; ರಾಂಚ್ ಮಾಲೀಕರಿಗೆ ಪ್ರವೇಶ ಶುಲ್ಕ ಕಟ್ಟಿ ತಾವೇ ಅಲೆಯುವುದು; ಸರ್ಕಾರಿ ಕಾಡಿನೊಳಗೆ ಔಟ್‌ಫಿಟರ್ (ಬೇಟೆಯ ಏರ್ಪಾಡು ಮಾಡಿಕೊಡುವವನು) ಕುದುರೆ ಮೇಲೆ ಸಾಮಾನು ಸಾಗಿಸಿ ಹಾಕಿಕೊಡುವ ಡ್ರಾಪ್ ಕ್ಯಾಂಪ್‌ನಲ್ಲಿ ಉಳಿಯುವುದು. ಮೂರನ್ನೂ ಮಾಡಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಇಷ್ಟು: ರಾಂಚ್‌ಗೆ ಕೊಡುವ ದುಡ್ಡು ಸಾರ್ಥಕವಾಗುವುದು ಅಲ್ಲಿನ ಹಿಂಡು ಬೆದರದೆ ಉಳಿದಿದ್ದರೆ ಮಾತ್ರ.

ಸೆಪ್ಟೆಂಬರ್‌ನಲ್ಲಿ ಬಿಲ್ಲಿನ ಬೇಟೆ ಶುರುವಾಗಿ ಅಕ್ಟೋಬರ್‌ನಲ್ಲಿ ರೈಫಲ್ ಸೀಸನ್ ತೆರೆಯುವಷ್ಟರಲ್ಲಿ ಸರ್ಕಾರಿ ಕಾಡಿನಲ್ಲಿ ಜನ ತುಂಬಿಕೊಳ್ಳುತ್ತಾರೆ, ಎಲ್ಕ್‌ಗಳು ಬೇಲಿ ಹಾರಿ ಖಾಸಗಿ ಜಮೀನು ಸೇರುತ್ತವೆ. ಆದರೆ ರಾಂಚ್‌ನವರೇ ವಾರವಾರವೂ ಹೊಸ ತಂಡ ಇಳಿಸಿದರೆ ಈ ಅನುಕೂಲ ಮಣ್ಣುಪಾಲು. ಬುಕ್ ಮಾಡುವ ಮೊದಲು ಕೊಂಬಿನ ಫೋಟೊ ಕೇಳಬೇಡಿ. ನಮ್ಮ ವಾರಕ್ಕೆ ಮುಂಚೆ ಎಷ್ಟು ಜನ ಬಂದುಹೋಗಿರುತ್ತಾರೆ, ನಡುವೆ ಎಷ್ಟು ದಿನ ಬಿಡುವು, ಒಬ್ಬ ಗೈಡ್‌ಗೆ ಎಷ್ಟು ಬೇಟೆಗಾರರು ಎಂದು ಕೇಳಿ. ಒಬ್ಬ ಗೈಡ್‌ಗೆ ಇಬ್ಬರಿದ್ದರೆ ಮೊದಲ ಅವಕಾಶ ಒಬ್ಬರಿಗೇ, ಇನ್ನೊಬ್ಬರು ಕಾಯಬೇಕು.

ಒಳ್ಳೆಯ ಗೈಡ್‌ನ ಗುರುತು ಸಂಜೆ ಮೇವಿನ ಹೊಲದ ಹತ್ತಿರ ಗೊತ್ತಾಗುತ್ತದೆ. ಹಗಲೆಲ್ಲ ಮೇಲಿನ ದಟ್ಟ ಮರಗಳಲ್ಲಿ ಮಲಗಿದ್ದ ಹಿಂಡು ಬೆಳಕು ಆರುವ ಹೊತ್ತಿಗೆ ಆಲ್ಫಾಲ್ಫಾ, ಅಂದರೆ ಕುದುರೆ ಮಸಾಲೆ ಹೊಲಕ್ಕೆ ಇಳಿಯುತ್ತದೆ. ಬಿಸಿಲಿರುವಷ್ಟು ಹೊತ್ತು ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತದೆ, ನೆರಳು ಬಿದ್ದ ಮೇಲೆ ಕೆಳಕ್ಕೆ ತಿರುಗುತ್ತದೆ. 4 ಗಂಟೆಗೇ ಹೊಲದ ಅಂಚಿನಲ್ಲಿ ಕೂತರೆ ನಿಮ್ಮ ವಾಸನೆ ನೆಟ್ಟಗೆ ಹಿಂಡಿಗೆ ಮುಟ್ಟುತ್ತದೆ. ತಿಳಿದವನು ಪಕ್ಕದಲ್ಲಿ ದೂರ ಉಳಿದು, ಗಾಳಿ ತಿರುಗಿದ ಮೇಲೆ ಕಾಲುದಾರಿಯ ಕಡೆ ಸರಿಯುತ್ತಾನೆ. ಹೊಲದ ನಡುವೆಯೇ ಗುಂಡು ಹಾರಿಸಲು ಬಿಡುವುದಿಲ್ಲ. ಬಿಟ್ಟರೆ ಆಮೇಲೆ ಹಿಂಡು ಕತ್ತಲಾಗದೆ ಹೊರಬರುವುದಿಲ್ಲ, ಕೊಲೊರಾಡೊದಲ್ಲಿ ಗುಂಡು ಹಾರಿಸಲು ಅವಕಾಶವಿರುವುದು ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ.

ಗೈಡ್ ಸಹಿತ ರಾಂಚ್ ಬೇಟೆಗೆ ಸಾಮಾನ್ಯವಾಗಿ 7,000 ಡಾಲರ್‌ನಿಂದ ಮೇಲಕ್ಕೆ ಹೋಗುತ್ತದೆ, ಟಿಪ್ಸ್ ಬೇರೆ. ಪ್ರವೇಶ ಶುಲ್ಕದ ದಾರಿ ಅದಕ್ಕಿಂತ ಎಷ್ಟೋ ಅಗ್ಗ, ಆದರೆ ಕೆಲಸವೆಲ್ಲ ನಿಮ್ಮದೇ. ದೊಡ್ಡ ಗಂಡು 300 ಕೆಜಿ ಮುಟ್ಟುತ್ತದೆ, ಮೂಳೆ ಬಿಡಿಸಿದ ಮಾಂಸವೇ ಸುಮಾರು 90 ಕೆಜಿ. ಒಬ್ಬರೇ ಹೊತ್ತರೆ ನಾಲ್ಕೈದು ಸಲ ಓಡಾಡಬೇಕು. ಹೊಟ್ಟೆ ಸೀಳದೆ, ಮೇಲ್ಬದಿಯ ಚರ್ಮ ಬೆನ್ನಿನಿಂದ ಸುಲಿದು ಮುಂಗಾಲು, ತೊಡೆ, ಬೆನ್ನುಮಾಂಸ ತೆಗೆಯಿರಿ. ಆಮೇಲೆ ಮಗುಚಿ ಇನ್ನೊಂದು ಬದಿ. ಹತ್ತಿ ಚೀಲದಲ್ಲಿ ಹಾಕಿ ನೆರಳಲ್ಲಿ, ಗಾಳಿಯಾಡುವಂತೆ ತೂಗುಹಾಕಿ. ತಡಮಾಡಿದರೆ ಮೊದಲು ಕೆಡುವುದು ತೊಡೆಯ ಕೀಲಿನ ಸುತ್ತ, ಬಿಸಿ ಅಲ್ಲೇ ನಿಂತಿರುತ್ತದೆ. ಹೊರಗಿನಿಂದ ತಣ್ಣಗಿದ್ದರೂ ಮೂಳೆಯ ಪಕ್ಕ ಹುಳಿನಾತ ಬಂದಿರುತ್ತದೆ. ರಾಂಚ್‌ನಲ್ಲಾದರೆ ಗಾಡಿ ಹತ್ತಿರಕ್ಕೆ ಬರುತ್ತದೆ, ಹಲವು ಕಡೆ ಶೈತ್ಯಕೋಣೆಯೂ ಇರುತ್ತದೆ. ಬೆಲೆಯಲ್ಲಿನ ವ್ಯತ್ಯಾಸಕ್ಕೆ ನ್ಯಾಯ ಸಿಗುವುದು ಇಲ್ಲೇ.

ಡ್ರಾಪ್ ಕ್ಯಾಂಪ್ ಗಟ್ಟಿ ಕಾಲಿನವರಿಗೆ. 9,000 ಅಡಿಯ ಮೇಲೆ ಮೊದಲ ಎರಡು ದಿನ ತಲೆನೋವು, ನಿದ್ದೆಗೇಡು ಸಹಜ. ಮಾಂಸ ಹೊರಲು ಕುದುರೆ ಬರುತ್ತದೆಯೇ, ಕರೆ ಮಾಡಿದ ಎಷ್ಟು ಹೊತ್ತಿಗೆ ಎಂಬುದನ್ನು ಬರಹದಲ್ಲೇ ಪಡೆಯಿರಿ. ಎತ್ತರದ ಬೇಲಿಯೊಳಗೆ ಸಾಕಿದ ಎಲ್ಕ್ ಹೊಡೆಸುವ ಜಾಗಗಳನ್ನು ನಾವು ಬೇಟೆಯೆಂದೇ ಎಣಿಸುವುದಿಲ್ಲ.

ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯಲು ಸಿಗುವ ಪರವಾನಗಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ನ್ಯೂ ಮೆಕ್ಸಿಕೊದ ಇ-ಪ್ಲಸ್ ವ್ಯವಸ್ಥೆಯಲ್ಲಿ ಜಮೀನು ಮಾಲೀಕರಿಗೆ ಬರುವ ಅನುಮತಿಪತ್ರವನ್ನು ಕೊಂಡು, ಅದರ ಮೇಲೆ ರಾಜ್ಯದ ಲೈಸೆನ್ಸ್ ಪಡೆಯಬೇಕು. ಅದರಲ್ಲಿ ಎರಡು ಬಗೆ: 'ರಾಂಚ್ ಓನ್ಲಿ'ಯಾದರೆ ಆ ರಾಂಚ್‌ನೊಳಗಷ್ಟೇ. 'ಯೂನಿಟ್ ವೈಡ್' ಆದರೆ ಯೂನಿಟ್‌ನ, ಅಂದರೆ ಆ ಬೇಟೆ ವಲಯದ, ಸರ್ಕಾರಿ ಕಾಡೂ ಸಿಗುತ್ತದೆ, ಆದರೆ ಆ ರಾಂಚ್‌ಗೆ ಹೊರಗಿನ ಟ್ಯಾಗುದಾರರೂ ಬರಬಹುದು. ಖಾಸಗಿ ಏಕಾಂತಕ್ಕೆ ದುಡ್ಡು ಕೊಟ್ಟು ಇದನ್ನು ಕೊಂಡರೆ ನಷ್ಟ.

ಒಪ್ಪಂದದಲ್ಲಿ ಎರಡು ಸಾಲು ಹುಡುಕಿ. ರಕ್ತ ಬಿದ್ದರೆ, ಅಂದರೆ ಗಾಯಗೊಂಡ ಎಲ್ಕ್ ಸಿಗದಿದ್ದರೂ, ಬೇಟೆ ಮುಗಿಯಿತು ಎಂಬ ಷರತ್ತು ಬಹಳ ಕಡೆ ಇರುತ್ತದೆ, ನಮಗದು ಸರಿಯೆನಿಸುತ್ತದೆ. ಗಾಯಗೊಂಡ ಎಲ್ಕ್ ಪಕ್ಕದ ಜಮೀನಿಗೆ ದಾಟಿದರೆ ಅಲ್ಲಿನ ಮಾಲೀಕರ ಒಪ್ಪಿಗೆ ಯಾರು ತರಬೇಕು ಎಂಬುದೂ ಅದರಲ್ಲಿರಬೇಕು.

ಎಚ್-1ಬಿಯಂಥ ವೀಸಾದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಫೆಡರಲ್ ಕಾನೂನಿನಂತೆ ನೀವು ಬಂದೂಕು ಹೊಂದುವಂತಿಲ್ಲ. ಚಾಲ್ತಿಯಲ್ಲಿರುವ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಗೈಡ್‌ನ ರೈಫಲ್ ಎರವಲು ಪಡೆದರೂ ನಿಯಮ ಇದೇ, ಹಾಗಾಗಿ ಗುರಿ ಸರಿಪಡಿಸಲು ರೇಂಜಿಗೆ ಹೋಗುವ ಮೊದಲೇ ಲೈಸೆನ್ಸ್ ಕೈಯಲ್ಲಿರಲಿ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ (ಬೇಟೆ ಸುರಕ್ಷತೆಯ ಕೋರ್ಸ್) ಮುಗಿಸಿದ ಕಾರ್ಡ್ ಬೇಕು. ಮುಂಗಡ ಕಟ್ಟುವ ಮೊದಲೇ ಆ ಕೋರ್ಸ್ ಮುಗಿಸಿಕೊಳ್ಳಿ.