ಟೆಸ್ಟ್ ಫೇಲಾದರೆ ಯಾವುದು ಮೊದಲು: ಪಿಡಿಬಿ, ಬ್ರೇಕ್‌ಪಾಯಿಂಟ್, ಪ್ರಿಂಟ್?

ಪೈಥಾನ್‌ನಲ್ಲಿ ಬರೆದ ಬಿಲ್ಲಿಂಗ್ ಕೋಡ್. 18% ಜಿಎಸ್‌ಟಿ ಇರುವ ವಸ್ತುವಿಗೆ ರಾಜ್ಯದೊಳಗಿನ ಬಿಲ್ಲಾದರೆ ಕೇಂದ್ರದ ಪಾಲು (ಸಿಜಿಎಸ್‌ಟಿ) 9%, ರಾಜ್ಯದ ಪಾಲು (ಎಸ್‌ಜಿಎಸ್‌ಟಿ) 9%. ಈ 9% ಅನ್ನು ಪೂರ್ಣ ರೂಪಾಯಿಗೆ ರೌಂಡ್ ಮಾಡುವ ಫಂಕ್ಷನ್ನಿಗೆ, ಉತ್ತರ ಸರಿಯೇ ಎಂದು ನೋಡುವ ಎರಡು ಟೆಸ್ಟ್. 350 ರೂಪಾಯಿಯ ಟೆಸ್ಟ್ ಪಾಸ್, 250 ರೂಪಾಯಿಯದ್ದು ಫೇಲ್: 23 ಬರಬೇಕಾದಲ್ಲಿ 22 ಬರುತ್ತಿತ್ತು. ಇದೇ ಟೆಸ್ಟನ್ನು ಮೂರು ದಾರಿಯಲ್ಲಿ ಬೆನ್ನಟ್ಟಿ ನೋಡಿದೆ.

ಮೊದಲು, ಟೆಸ್ಟ್ ಓಡಿಸುವ ಸಾಧನವಾದ ಪೈಟೆಸ್ಟ್‌ನ --ಪಿಡಿಬಿ. ಕೋಡ್ ಮುಟ್ಟುವ ಅಗತ್ಯವೇ ಇಲ್ಲ, ಫೇಲಾದ ಜಾಗದಲ್ಲೇ ಡಿಬಗರ್ (ಕೋಡನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ತೆರೆದುಕೊಳ್ಳುತ್ತದೆ. ಆದರೆ ಇಲ್ಲಿ ಅದು ನಿಂತದ್ದು ಟೆಸ್ಟಿನ ಅಸರ್ಟ್ ಸಾಲಿನಲ್ಲಿ, ಅಂದರೆ ಬಂದ ಉತ್ತರವನ್ನು ಹೋಲಿಸುವ ಕಡೆ. ಅಷ್ಟೊತ್ತಿಗೆ ತೆರಿಗೆಯ ಫಂಕ್ಷನ್ 22 ಅಂತ ಉತ್ತರ ಕೊಟ್ಟು ಮುಗಿದಿತ್ತು, ಅದರೊಳಗಿನ ವೇರಿಯಬಲ್ ಒಂದೂ ಸಿಗಲಿಲ್ಲ. ಲೋಕಲ್ ವೇರಿಯಬಲ್ ತೋರಿಸುವ -ಎಲ್ ಹಾಕಿದರೂ ಅಷ್ಟೇ, ಟೆಸ್ಟಿನವು ಮಾತ್ರ ಕಾಣುತ್ತವೆ. ಫಂಕ್ಷನ್ನಿನೊಳಗೇ ಎಕ್ಸೆಪ್ಶನ್ (ಕೋಡನ್ನು ಅಲ್ಲೇ ನಿಲ್ಲಿಸುವ ದೋಷ) ಎದ್ದಿದ್ದರೆ ಮಾತೇ ಬೇರೆ: ಸೀದಾ ಆ ಸಾಲಿಗೇ ಕರೆದೊಯ್ಯುತ್ತದೆ. ಕೀಎರರ್, ಟೈಪ್‌ಎರರ್‌ನಂಥ ಎಕ್ಸೆಪ್ಶನ್ ಬಂದಾಗ ನನ್ನ ಆಯ್ಕೆ ಕಣ್ಣು ಮುಚ್ಚಿ ಇದೇ. ತಂಡಕ್ಕೆ ಹೊಸಬರು ಬಂದರೆ ಮೊದಲು ಹೇಳಿಕೊಡಬೇಕಾದದ್ದು ಈ ವ್ಯತ್ಯಾಸವನ್ನು.

ಆಮೇಲೆ ಬ್ರೇಕ್‌ಪಾಯಿಂಟ್: ಬರೆದ ಜಾಗದಲ್ಲೇ ಕೋಡನ್ನು ನಿಲ್ಲಿಸಿ ಡಿಬಗರ್ ತೆರೆಯುವ ಸಾಲು. ಪೈಥಾನ್ 3.7ರಿಂದ ಇಂಪೋರ್ಟ್ ಕೂಡ ಬೇಡ, ಫಂಕ್ಷನ್ನಿನೊಳಗೆ ಒಂದು ಸಾಲು ಸಾಕು. 350ರ ಟೆಸ್ಟಿನಲ್ಲೂ ನಿಲ್ಲದಿರಲಿ ಎಂದು, ಹಿಂದಿನ ಸಲ ಫೇಲಾದದ್ದನ್ನಷ್ಟೇ ಓಡಿಸುವ --ಎಲ್‌ಎಫ್ ಜೊತೆಗೆ ಹಾಕಿದೆ. ರೌಂಡ್‌ಗೆ ಮೊದಲು 22.5, ಆದ ಮೇಲೆ 22. ಎಲ್ಲಿ ಎಂಬುದು ಸ್ಪಷ್ಟವಾಯಿತು, ಯಾಕೆ ಎಂಬುದಲ್ಲ.

ಅದನ್ನು ತೋರಿಸಿದ್ದು ಎಲ್ಲರೂ ಹಗುರವಾಗಿ ಕಾಣುವ ಪ್ರಿಂಟ್. ಪಾಸಾದ ಟೆಸ್ಟಿನ ಪ್ರಿಂಟನ್ನು ಪೈಟೆಸ್ಟ್ ಬಚ್ಚಿಡುತ್ತದೆ, ಹಾಗಾಗಿ -ಎಸ್ ಕೊಡಬೇಕು. ಕೊಟ್ಟೆ. 31.5 ಹೋಗಿ 32, ಅದರ ಕೆಳಗೇ 22.5 ಹೋಗಿ 22. ಪೈಥಾನ್ 3ರ ರೌಂಡ್, ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಪೈಥಾನ್ 2ರಲ್ಲಿ ಇದೇ ಲೆಕ್ಕ 23 ಕೊಡುತ್ತಿತ್ತು. ಡಿಬಗರ್ ಒಂದು ಕ್ಷಣವನ್ನು ಬಿಡಿಸಿಡುತ್ತದೆ. ಪಾಸಾದದ್ದು, ಫೇಲಾದದ್ದು ಎರಡನ್ನೂ ಒಟ್ಟಿಗೆ ನೋಡಬೇಕಿದ್ದ ಇಲ್ಲಿ ಪ್ರಿಂಟೇ ಗೆದ್ದಿತು. ಸಾವಿರಾರು ಸಲ ಸುತ್ತುವ ಲೂಪಿನಲ್ಲಿ ಮಾತ್ರ ಅದರ ಸಹವಾಸ ಬೇಡ.

ಟೆಸ್ಟ್ ಕೇಳುತ್ತಿದ್ದ 23 ಸರಿಯೇ ಇತ್ತು. 2017ರ ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ ಎಂದೇ ಹಿಡಿಯಬೇಕು. ರೌಂಡ್ ತೆಗೆದು ಪೈಥಾನ್‌ನದೇ ಡೆಸಿಮಲ್‌ನ ಕ್ವಾಂಟೈಜ್‌ಗೆ 'ರೌಂಡ್ ಹಾಫ್ ಅಪ್' (ಅರ್ಧ ಬಂದರೆ ಮೇಲಕ್ಕೆ) ಕೊಟ್ಟ ಮೇಲೆ ಎರಡೂ ಟೆಸ್ಟ್ ಪಾಸ್.